ಗ್ಯಾರೇಜಿನಲ್ಲಿ ಸಿಕ್ಕ ಹಳೆಯ ರಾಕೆಟ್ ಎಂಜಿನ್: ಹಾರಿಸಬಹುದಾ, ನೀರಿಗೆ ಹಾಕಬೇಕಾ?

ಹವ್ಯಾಸಕ್ಕೆ ಹಾರಿಸುವ ಪುಟ್ಟ ಮಾದರಿ ರಾಕೆಟ್‌ನ ಮೂವತ್ತು ವರ್ಷ ಹಳೆಯ ಎಂಜಿನ್, ಅಂದರೆ ಮದ್ದು ತುಂಬಿದ ಕಾಗದದ ಕೊಳವೆ, ಇವತ್ತಿಗೂ ಚೆನ್ನಾಗಿ ಹಾರಬಹುದು. ಎರಡೇ ವರ್ಷ ಹಳೆಯದು ಬಟನ್ ಒತ್ತಿದ ಕೂಡಲೇ ನಿಂತಲ್ಲೇ ಸಿಡಿಯಬಹುದು. ಎಂಜಿನ್‌ಗೆ ಎಷ್ಟು ವಯಸ್ಸಾಯಿತು ಎನ್ನುವುದಕ್ಕಿಂತ ಇಷ್ಟು ದಿನ ಅದು ಎಲ್ಲಿತ್ತು ಎನ್ನುವುದು ಮುಖ್ಯ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ. ಆದರೆ ಯಾಕೆ ಹಾಗೆ ಅಂತ ತಿಳಿದರೆ ಮಾತ್ರ ಕೈಯಲ್ಲಿರುವ ಎಂಜಿನ್ ಹಾರಿಸಬೇಕಾ, ನೀರಿನಲ್ಲಿ ನೆನೆಸಿ ಕೆಡಿಸಬೇಕಾ ಅಂತ ಸರಿಯಾದ ನಿರ್ಧಾರ ತೆಗೆದುಕೊಳ್ಳಬಹುದು.

ಅಮೆರಿಕದಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ. ಮಗ ಸ್ಕೌಟ್ಸ್‌ಗೆ ಸೇರಿರುತ್ತಾನೆ, ಅಥವಾ ಮಗಳ ಶಾಲೆಯಲ್ಲಿ ರಾಕೆಟ್ ಪ್ರಾಜೆಕ್ಟ್ ಇರುತ್ತದೆ. ಅದೇ ಹೊತ್ತಿಗೆ ಪಕ್ಕದ ಬೀದಿಯ ಗ್ಯಾರೇಜ್ ಸೇಲ್‌ನಲ್ಲಿ ಒಂದು ಪೆಟ್ಟಿಗೆ ಸಿಗುತ್ತದೆ. ಅದರಲ್ಲಿ ಎರಡು ಮೂರು ರಾಕೆಟ್, ಒಂದು ಲಾಂಚರ್, ಎಸ್ಟೆಸ್ ಕಂಪನಿಯ ಹತ್ತಿಪ್ಪತ್ತು ಎಂಜಿನ್. ಎಲ್ಲ ಸೇರಿ ಐದು ಡಾಲರ್. ಯಾರಿಗೆ ತಾನೇ ಬಿಟ್ಟು ಬರಲು ಮನಸ್ಸಾಗುತ್ತದೆ? ರಾಕೆಟ್ ತನ್ನಿ, ತಪ್ಪಿಲ್ಲ. ಎಂಜಿನ್ ವಿಷಯದಲ್ಲಿ ಸ್ವಲ್ಪ ನಿಲ್ಲಿ.

ಈ ಹವ್ಯಾಸ ಹುಟ್ಟಿದ್ದೇ ಸುರಕ್ಷತೆಯ ಚಿಂತೆಯಿಂದ. 1950ರ ದಶಕದಲ್ಲಿ, ಅದರಲ್ಲೂ 1957ರಲ್ಲಿ ಸ್ಪುಟ್ನಿಕ್ ಹಾರಿದ ಮೇಲೆ, ಅಮೆರಿಕದ ಹುಡುಗರು ಲೋಹದ ಕೊಳವೆಗೆ ತಾವೇ ಮದ್ದು ತುಂಬಿ ಹಾರಿಸತೊಡಗಿದರು. ಬೆರಳು ಕಳೆದುಕೊಂಡವರಿದ್ದರು, ಜೀವ ಕಳೆದುಕೊಂಡವರೂ ಇದ್ದರು. ನೆಬ್ರಾಸ್ಕಾದ ನಾರ್ಫೋಕ್ ಎಂಬ ಊರಿನಲ್ಲಿ ಚಪ್ಪಲಿ ಅಂಗಡಿ ನಡೆಸುತ್ತಿದ್ದ ಆರ್ವಿಲ್ ಕಾರ್ಲೈಲ್ 1954ರಲ್ಲಿ ಕಾಗದದ ಕೊಳವೆಯ ಎಂಜಿನ್ ಮತ್ತು ಹಗುರ ರಾಕೆಟ್ ಮಾಡಿದ್ದರು. ವೈಟ್ ಸ್ಯಾಂಡ್ಸ್ ಕ್ಷಿಪಣಿ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಜಿ. ಹ್ಯಾರಿ ಸ್ಟೈನ್ ಅದರ ಬೆಲೆ ಅರಿತು ನಾಲ್ಕು ಜನಕ್ಕೆ ತಲುಪಿಸಿದರು. ಕೊಲರಾಡೋದ ವರ್ನ್ ಎಸ್ಟೆಸ್ ಇಂಥ ಎಂಜಿನ್‌ಗಳನ್ನು ಒಂದರ ಹಿಂದೊಂದು ಒತ್ತಿ ತಯಾರಿಸುವ ಯಂತ್ರ ಕಟ್ಟಿ, ಅದಕ್ಕೆ 'ಮೇಬಲ್' ಅಂತ ಹೆಸರಿಟ್ಟರು. ಮದ್ದು ತುಂಬುವ ಕೆಲಸವನ್ನು ಕಾರ್ಖಾನೆ ಮಾಡಲಿ, ಹಾರಿಸುವ ಖುಷಿ ಮಕ್ಕಳಿಗಿರಲಿ. ಇಡೀ ಹವ್ಯಾಸ ನಿಂತಿರುವುದು ಈ ಒಪ್ಪಂದದ ಮೇಲೆ. ಹಾಗಾಗಿ ಎಂಜಿನ್ ಬಿಚ್ಚುವುದು, ಕೊರೆಯುವುದು, ಮದ್ದು ತೆಗೆದು ಮತ್ತೆ ತುಂಬುವುದು ಇವೆಲ್ಲ ಖಂಡಿತ ಬೇಡ. ಹಳೆಯ ಎಂಜಿನ್‌ಗೂ ಇದೇ ನಿಯಮ. ಬಿಚ್ಚಿ ನೋಡುವ ಹಾಗಿಲ್ಲ ಅಂದಮೇಲೆ, ಒಳಗೆ ಏನಾಗಿರಬಹುದು ಅಂತ ಹೊರಗಿನಿಂದಲೇ ಊಹಿಸಬೇಕು.

ಅದಕ್ಕೆ ಮೊದಲು ಒಳಗೆ ಏನಿದೆ ಅಂತ ಗೊತ್ತಿರಬೇಕು. ತುಂಬಾ ಬಳಕೆಯಲ್ಲಿರುವ ಸಿ6-5 ಎಂಜಿನ್ ತೆಗೆದುಕೊಳ್ಳಿ (ಈ ಸಂಕೇತದ ಅರ್ಥ ಮುಂದೆ ಹೇಳುತ್ತೇನೆ). 18 ಮಿ.ಮೀ. ದಪ್ಪ, 70 ಮಿ.ಮೀ. ಉದ್ದದ, ದಪ್ಪ ಕಾಗದವನ್ನು ಬಿಗಿಯಾಗಿ ಸುತ್ತಿದ ಕೊಳವೆ. ಕೆಳತುದಿಯಲ್ಲಿ ಒತ್ತಿದ ಜೇಡಿಮಣ್ಣಿನ ನಾಜಲ್, ಅಂದರೆ ಅನಿಲ ಹೊರಹೋಗುವ ಬಾಯಿ, ಅದರ ನಡುವೆ ಸಣ್ಣ ತೂತು. ಅದರ ಮೇಲೆ ಸುಮಾರು 11 ಗ್ರಾಂ ಕಪ್ಪು ಮದ್ದು. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿಸಿ ಕಲ್ಲಿನಷ್ಟು ಗಟ್ಟಿಯಾಗಿ ಒತ್ತಿರುತ್ತಾರೆ. ಅದರ ಮೇಲೆ ನಿಧಾನವಾಗಿ ಉರಿಯುವ ಡಿಲೇ ಮದ್ದು. ರಾಕೆಟ್ ಹೊಗೆ ಬಿಡುತ್ತಾ ತನ್ನ ವೇಗದಲ್ಲೇ ಮೇಲೇರುವುದು ಇದು ಉರಿಯುವಾಗ. ಕೊನೆಗೆ ಪ್ಯಾರಾಚೂಟನ್ನು ಹೊರಗೆ ತಳ್ಳುವ ಸಡಿಲ ಮದ್ದು, ಅದನ್ನು ಹಿಡಿದಿಡಲು ತೆಳುವಾದ ಮಣ್ಣಿನ ಮುಚ್ಚಳ.

ಕಪ್ಪು ಮದ್ದು ಉರಿಯುವುದು ನಾಜಲ್ ಕಡೆಯ ತುದಿಯಿಂದ ಮೇಲಕ್ಕೆ, ಪದರ ಪದರವಾಗಿ. ತುದಿಯಲ್ಲಿ ಒಂದು ಸಣ್ಣ ಗುಳಿ ಇರುತ್ತದೆ. ಅದರಿಂದ ಶುರುವಿನಲ್ಲಿ ಉರಿಯುವ ಮೈ ಸ್ವಲ್ಪ ಜಾಸ್ತಿ ಸಿಕ್ಕಿ, ರಾಕೆಟ್‌ಗೆ ನೆಲ ಬಿಡುವ ಒದೆತ ಸಿಗುತ್ತದೆ. ಆಮೇಲೆ ಬೆಂಕಿ ಒಂದು ಚಪ್ಪಟೆ ಬಿಲ್ಲೆಯಷ್ಟು ಜಾಗದಲ್ಲೇ ಸಮನಾಗಿ ಮೇಲೇರುತ್ತದೆ. ಎರಡು ಸೆಕೆಂಡಿನೊಳಗೆ ಎಲ್ಲ ಮುಗಿಯುತ್ತದೆ. ಎಷ್ಟು ಮೈ ಉರಿಯುತ್ತದೋ ಅಷ್ಟು ಅನಿಲ. ಆ ಲೆಕ್ಕಕ್ಕೆ ಸರಿಯಾಗಿ ನಾಜಲ್‌ನ ತೂತು ಇಟ್ಟಿರುತ್ತಾರೆ. ಈ ಸಮತೋಲ ಕೆಟ್ಟರೆ ಎಂಜಿನ್ ಕೆಟ್ಟ ಹಾಗೆಯೇ.

ಈಗ ಈ ಎಂಜಿನ್ ಟೆಕ್ಸಾಸ್‌ನ ಮನೆಯೊಂದರ ಅಟ್ಟದಲ್ಲಿದೆ ಅಂದುಕೊಳ್ಳಿ. ಬೇಸಿಗೆಯ ಮಧ್ಯಾಹ್ನ ಅಲ್ಲಿ 50 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ರಾತ್ರಿ ತಣ್ಣಗಾಗುತ್ತದೆ. ಮರುದಿನ ಮತ್ತೆ ಕಾಯುತ್ತದೆ. ಮಿನೆಸೋಟಾದ ಗ್ಯಾರೇಜಿನಲ್ಲಾದರೆ ಚಳಿಗಾಲದಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗೆ, ಬೇಸಿಗೆಯಲ್ಲಿ ಬೇಯುವಷ್ಟು ಬಿಸಿ. ಕಾಗದದ ಕೊಳವೆ ಮತ್ತು ಗಟ್ಟಿ ಮದ್ದು ಎರಡೂ ಬಿಸಿಗೆ ಹಿಗ್ಗುತ್ತವೆ, ಚಳಿಗೆ ಕುಗ್ಗುತ್ತವೆ. ಆದರೆ ಒಂದೇ ಅಳತೆಯಲ್ಲಲ್ಲ. ಬಿಸಿಯಲ್ಲಿ ಮದ್ದು ಹಿಗ್ಗಿ ಕಾಗದವನ್ನು ಹೊರಕ್ಕೆ ತಳ್ಳುತ್ತದೆ. ತಣ್ಣಗಾದಾಗ ಮದ್ದು ಹಿಂದಕ್ಕೆ ಸರಿಯುತ್ತದೆ, ಕಾಗದ ಅಷ್ಟು ಸರಿಯುವುದಿಲ್ಲ. ಇದೇ ಮತ್ತೆ ಮತ್ತೆ ಆದರೆ, ಕಾಯಿಯೊಳಗೆ ಒಣಗಿದ ಕೊಬ್ಬರಿ ಚಿಪ್ಪು ಬಿಟ್ಟುಕೊಳ್ಳುವ ಹಾಗೆ, ಮದ್ದು ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಕೆಲವೊಮ್ಮೆ ಮದ್ದಿನಲ್ಲೇ ಅಡ್ಡ ಬಿರುಕು ಬೀಳುತ್ತದೆ.

ಆ ಸಂದು ಕೂದಲೆಳೆಯಷ್ಟಿದ್ದರೂ ಸಾಕು. ಹಚ್ಚಿದ ಕೂಡಲೇ ಬೆಂಕಿ ಅದರೊಳಗೆ ನುಗ್ಗಿ ಮದ್ದಿನ ಪಕ್ಕದ ಮೈಯನ್ನೂ ಹಿಡಿಯುತ್ತದೆ. ಸಿ6ರಲ್ಲಿ ಪಕ್ಕದ ಮೈಯ ವಿಸ್ತೀರ್ಣ ತುದಿಯ ಬಿಲ್ಲೆಗಿಂತ ಹತ್ತು ಪಟ್ಟಿಗೂ ಜಾಸ್ತಿ. ಅಷ್ಟು ಅನಿಲ ಆ ಸಣ್ಣ ತೂತಿನಿಂದ ಹೊರಗೆ ಹೋಗಲಾರದು. ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಕಪ್ಪು ಮದ್ದು ಇನ್ನೂ ವೇಗವಾಗಿ ಉರಿಯುತ್ತದೆ, ಅದರಿಂದ ಒತ್ತಡ ಮತ್ತಷ್ಟು ಏರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಯಾವುದೋ ಒಂದು ಕಡೆ ಬಿಟ್ಟುಕೊಡಲೇಬೇಕು. ನಾಜಲ್ ಕಿತ್ತು ಬರಬಹುದು. ಕೊಳವೆ ಪಕ್ಕಕ್ಕೆ ಸೀಳಬಹುದು. ಇಲ್ಲವೇ ಉರಿಯುವ ಮದ್ದಿನ ಉಂಡೆ ಮೇಲ್ಗಡೆಯಿಂದ ನುಗ್ಗಿ, ಪ್ಯಾರಾಚೂಟನ್ನು ಸುಟ್ಟು, ರಾಕೆಟ್‌ನ ಮೂತಿಯನ್ನೇ ಹಾರಿಸಬಹುದು. ಹವ್ಯಾಸಿಗಳು ಇದಕ್ಕೆಲ್ಲ 'ಕೇಟೋ' ಅನ್ನುತ್ತಾರೆ.

ರಾಸಾಯನಿಕವಾಗಿ ನೋಡಿದರೆ ಕಪ್ಪು ಮದ್ದು ತುಂಬಾ ಗಟ್ಟಿ ಆಸಾಮಿ. ಒಣಗಿದ್ದರೆ ದಶಕಗಟ್ಟಲೆ ಕೆಡುವುದಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳು ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಯ ಮೈಸೂರು ರಾಕೆಟ್‌ಗಳು ಸಿಕ್ಕವಲ್ಲ, ಆ ಬಾವಿಯ ಮಣ್ಣೇ ಮದ್ದಿನ ವಾಸನೆ ಹೊಡೆಯುತ್ತಿತ್ತು ಅಂತ ವರದಿಯಾಗಿತ್ತು. ಹೈದರ್, ಟಿಪ್ಪು ಕಾಲದ ಕೊಳವೆಯೊಳಗೆ ಪೆಟ್ಲುಪ್ಪು, ಇದ್ದಿಲು ಇನ್ನೂ ಇತ್ತು. ನಮ್ಮವರ ರಾಕೆಟ್‌ಗೂ ಎಸ್ಟೆಸ್ ಎಂಜಿನ್‌ಗೂ ಮೂಲದಲ್ಲಿ ಇದೇ ಮದ್ದು ಅಂತ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಮದ್ದು ಉಳಿಯುವುದೇ ಬೇರೆ, ಒತ್ತಿದ ಆಕಾರ ಬಿರುಕಿಲ್ಲದೆ ಉಳಿಯುವುದೇ ಬೇರೆ. ಎಂಜಿನ್ ಸಿಡಿಯುವುದು ಮದ್ದು ಹಳತಾಗಿ ಅಲ್ಲ, ಮದ್ದಿನ ಆಕಾರ ಕೆಟ್ಟು.

ಎಲ್ಲ ಎಂಜಿನ್‌ಗೂ ಅಪಾಯ ಒಂದೇ ಸಮ ಇಲ್ಲ. ಎ8ರಂಥ ಸಣ್ಣದರಲ್ಲಿ ಮದ್ದು ಮೂರು ಗ್ರಾಂ ಚಿಲ್ಲರೆ. ಗಿಡ್ಡಗಿರುವುದರಿಂದ ಬಿಟ್ಟುಕೊಳ್ಳುವುದೂ ಕಡಿಮೆ, ಸಿಡಿದರೆ ಹಾನಿಯೂ ಕಡಿಮೆ. 24 ಮಿ.ಮೀ. ದಪ್ಪದ ಡಿ12ರಲ್ಲಿ ಸುಮಾರು 21 ಗ್ರಾಂ, 95 ಮಿ.ಮೀ. ಉದ್ದದ ಇ ದರ್ಜೆಯದರಲ್ಲಿ ಸುಮಾರು 36 ಗ್ರಾಂ. ಉದ್ದ, ದಪ್ಪ ಜಾಸ್ತಿಯಾದಷ್ಟೂ ಹಿಗ್ಗು ಕುಗ್ಗಿನ ಎಳೆದಾಟ ಜಾಸ್ತಿ. ಹಾಗಾಗಿ ಗುರುತು ಪರಿಚಯವಿಲ್ಲದ ಕಡೆಯಿಂದ ಬಂದ ಹಳೆಯ ಡಿ, ಇ ಎಂಜಿನ್‌ಗಳನ್ನು ನಾನಂತೂ ಹಚ್ಚುವುದಿಲ್ಲ. ಅದೇ ಮನೆಯೊಳಗಿನ ಬಟ್ಟೆ ಬೀರುವಿನಲ್ಲಿ, ಏಸಿ, ಹೀಟರ್ ಇರುವ ಕೋಣೆಯಲ್ಲಿ ಇದ್ದದ್ದು ಖಾತ್ರಿಯಾದರೆ ಎ, ಬಿ, ಸಿ ಎಂಜಿನ್‌ಗಳನ್ನು ಪರೀಕ್ಷಿಸಿ ಬಳಸಲು ಹಿಂಜರಿಯುವುದಿಲ್ಲ. ಕಾರಿನ ಡಿಕ್ಕಿಯಲ್ಲಿ ಒಂದು ಬೇಸಿಗೆ ಕಳೆದ ಎಂಜಿನ್ ಮಾತ್ರ ಎಷ್ಟೇ ಹೊಸದಾಗಿದ್ದರೂ ಬೇಡ.

ಕೊಟ್ಟವರನ್ನು ಕೇಳಿ. 'ಇದು ಎಲ್ಲಿತ್ತು?' ಅಂತ ಕೇಳುವುದಕ್ಕೆ ಸಂಕೋಚ ಬೇಡ. ಅಟ್ಟ, ಗ್ಯಾರೇಜ್, ಅಂಗಳದ ಶೆಡ್ ಅಂದರೆ ಅಲ್ಲಿಗೆ ಮುಗಿಯಿತು. ಬೇಸ್‌ಮೆಂಟ್ ಅಂದರೆ ಇನ್ನೊಂದು ಪ್ರಶ್ನೆ ಕೇಳಿ: ಅಲ್ಲಿ ನೀರು ನುಗ್ಗಿತ್ತಾ, ಗೋಡೆ ತೇವ ಹಿಡಿಯುತ್ತಿತ್ತಾ? ಯಾಕೆಂದರೆ ತೇವವೂ ಒಂದು ಶತ್ರು. ಕಾಗದ ತೇವ ಹೀರಿ ಊದುತ್ತದೆ, ಜೇಡಿಮಣ್ಣಿನ ನಾಜಲ್ ಮೆತ್ತಗಾಗುತ್ತದೆ, ಪೆಟ್ಲುಪ್ಪು ಕರಗಿ ಹೊರಗೆ ಬಂದು ಬಿಳಿ ಹರಳಾಗಿ ಕೂರುತ್ತದೆ. ಒದ್ದೆಯಾದ ಎಂಜಿನ್ನನ್ನು ಬಿಸಿಲಿಗಿಟ್ಟು, ಹೇರ್ ಡ್ರೈಯರ್ ಹಿಡಿದು ಒಣಗಿಸುವ ಯೋಚನೆ ಯಾರಿಗೂ ಬರದಿರಲಿ. ಒಣಗಿದರೂ ಒಳಗಿನ ಆಕಾರ ಮೊದಲಿನ ಹಾಗೆ ಬರುವುದಿಲ್ಲ. ಬಿಸಿ ಮಾಡುವುದಂತೂ ಬೆಂಕಿಯನ್ನು ಕೈಯಾರೆ ಕರೆದ ಹಾಗೆ.

ಇಷ್ಟು ವಿಚಾರಿಸಿದ ಮೇಲೆ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ. ನಾಜಲ್‌ನ ಮಣ್ಣಿನಲ್ಲಿ ಬಿರುಕಿದೆಯಾ, ಅಂಚು ಉದುರಿದೆಯಾ? ಕೊಳವೆ ಎಲ್ಲಾದರೂ ಉಬ್ಬಿದೆಯಾ? ಹೊಸ ಎಂಜಿನ್ ಸಲೀಸಾಗಿ ಕೂರುವ ರಾಕೆಟ್‌ನಲ್ಲಿ ಇದು ಬಿಗಿಯಾಗುತ್ತದೆ ಅಂದರೆ ಊದಿದೆ ಅಂತಲೇ ಅರ್ಥ. ಮೇಲಿನ ಮುಚ್ಚಳ ಒಡೆದು ಪುಡಿ ಉದುರುತ್ತಿದೆಯಾ? ಅದು ಪ್ಯಾರಾಚೂಟ್ ತಳ್ಳುವ ಮದ್ದು. ಅದು ಉದುರಿ ಹೋಗಿದ್ದರೆ ರಾಕೆಟ್ ಮೂತಿ ಕೆಳಗಾಗಿ ನೇರ ನೆಲಕ್ಕೆ ಬರುತ್ತದೆ. ಗಟ್ಟಿ ನೆಲಕ್ಕೆ ಬಿದ್ದ ಎಂಜಿನ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರಬಹುದು. ಅದನ್ನೂ ಪಕ್ಕಕ್ಕಿಡಿ. ಇಷ್ಟಾದರೂ ಗೋಡೆ ಬಿಟ್ಟುಕೊಂಡ ಮದ್ದು ಹೊರಗಿನಿಂದ ಕಾಣುವುದಿಲ್ಲ. ನೋಟದಲ್ಲಿ ಪಾಸಾದ ಎಂಜಿನ್ ಒಳಗೂ ಸರಿ ಇದೆ ಅಂತ ತಿಳಿಯಬೇಡಿ. ಎಲ್ಲಿತ್ತು ಎನ್ನುವ ಪ್ರಶ್ನೆಗೆ ಉತ್ತರ ಸಿಗದಿದ್ದರೆ ನೋಟದ ಪರೀಕ್ಷೆಗೆ ಜಾಸ್ತಿ ಬೆಲೆ ಇಲ್ಲ.

ಹಳೆಯ ಪೆಟ್ಟಿಗೆಯಲ್ಲಿ ಬೇರೆ ಬೇರೆ ಎಂಜಿನ್ ಕಲಸುಮೇಲೋಗರವಾಗಿರುತ್ತವೆ. ಹಾಗಾಗಿ ಮೇಲಿನ ಸಂಕೇತ ಓದುವುದು ಬಹಳ ಮುಖ್ಯ. ಅಕ್ಷರ ಒಟ್ಟು ಶಕ್ತಿಯ ದರ್ಜೆ. ಎ ಅಂದರೆ 2.5 ನ್ಯೂಟನ್ ಸೆಕೆಂಡ್‌ವರೆಗೆ, ಬಿ 5, ಸಿ 10, ಡಿ 20, ಇ 40. ಪ್ರತಿ ಅಕ್ಷರಕ್ಕೂ ಮಿತಿ ಇಮ್ಮಡಿ. ನಂತರದ ಅಂಕಿ ಸರಾಸರಿ ಒದೆತ, ನ್ಯೂಟನ್‌ಗಳಲ್ಲಿ. ಗೆರೆಯ ಆಚೆಗಿನ ಅಂಕಿ ಡಿಲೇ, ಸೆಕೆಂಡ್‌ಗಳಲ್ಲಿ. ಅಲ್ಲಿ ಸೊನ್ನೆ ಇದ್ದರೆ ಜೋಪಾನ. ಸಿ6-0 ಅಂದರೆ ಎರಡು ಹಂತದ ರಾಕೆಟ್‌ನ ಕೆಳಗಿನ ಎಂಜಿನ್. ಅದರಲ್ಲಿ ಡಿಲೇ ಇಲ್ಲ, ಪ್ಯಾರಾಚೂಟ್ ತಳ್ಳುವ ಮದ್ದೂ ಇಲ್ಲ. ಮಗು ಅವಸರದಲ್ಲಿ ಸಿ6-5 ಬದಲು ಅದನ್ನು ಮಾಮೂಲಿ ರಾಕೆಟ್‌ಗೆ ಹಾಕಿದರೆ ಮೇಲೇನೋ ಏರುತ್ತದೆ, ಆದರೆ ಪ್ಯಾರಾಚೂಟ್ ಸರಿಯಾಗಿ ಬಿಚ್ಚುವ ಭರವಸೆ ಇಲ್ಲ. 1960ರ ದಶಕದ ಕೆಲವು ಎಂಜಿನ್‌ಗಳ ಮೇಲೆ ಬಿ.8-4 ಅಂತ ಚುಕ್ಕೆ ಸಮೇತ ಇರುತ್ತದೆ. ಅದು 8 ನ್ಯೂಟನ್ ಅಲ್ಲ, 0.8 ಪೌಂಡ್. ಅಂದರೆ ಬರೀ ಮೂರೂವರೆ ನ್ಯೂಟನ್ ಚಿಲ್ಲರೆ. ಅಂಥದ್ದು ಸಿಕ್ಕರೆ ಹಚ್ಚಬೇಡಿ, ಸಂಗ್ರಹ ಮಾಡುವವರಿಗೆ ಬೇಕಿರುತ್ತದೆ. ಅಕ್ಷರ ಮಾಸಿ ಸಂಕೇತವೇ ಓದಲಾಗದ ಎಂಜಿನ್ ನೀರಿಗೇ ಸರಿ.

ಇಗ್ನೈಟರ್, ಅಂದರೆ ಎಂಜಿನ್‌ಗೆ ಬೆಂಕಿ ಹಚ್ಚುವ ಸಣ್ಣ ತಂತಿ, ಅದರ ವಿಷಯ ಬೇಗ ಮುಗಿಸುತ್ತೇನೆ. ಹಳೆಯದು ಬಿಸಾಕಿ, ಹೊಸದು ತನ್ನಿ. ಹಳೆಯ ಇಗ್ನೈಟರ್‌ನ ತಂತಿ ತುದಿಯ ಮದ್ದಿನ ಲೇಪ ಉದುರಿರುತ್ತದೆ. ಎಂಜಿನ್ ಹತ್ತುವುದಿಲ್ಲ, ಆಮೇಲೆ ಜನ ಮತ್ತೆ ಮತ್ತೆ ರಾಕೆಟ್ ಹತ್ತಿರ ಹೋಗುತ್ತಾರೆ. ಅಪಾಯ ಇರುವುದು ಆ ಓಡಾಟದಲ್ಲಿ. ಜೊತೆಗೆ ಬಂದ ರಾಕೆಟ್‌ನ ರಬ್ಬರ್ ದಾರವನ್ನು ಎಳೆದು ನೋಡಿ, ಹಳೆಯ ರಬ್ಬರ್ ಪುಡಿಪುಡಿಯಾಗಿರುತ್ತದೆ. ಪ್ಲಾಸ್ಟಿಕ್ ಪ್ಯಾರಾಚೂಟ್‌ನ ಮಡಿಕೆಗಳು ಅಂಟಿಕೊಂಡಿರುತ್ತವೆ. ಬಿಡಿಸಿ ಸ್ವಲ್ಪ ಟಾಲ್ಕಂ ಪೌಡರ್ ಹಾಕಿದರೆ ಸಾಕು.

ಎಲ್ಲ ಸರಿ ಕಂಡಿತು, ಹಾರಿಸೋಣ ಅಂತ ತೀರ್ಮಾನಿಸಿದಿರಿ. ಹಾಗಿದ್ದರೆ ಆ ಪ್ಯಾಕಿನ ಮೊದಲ ಎಂಜಿನ್ನನ್ನು ಪರೀಕ್ಷೆ ಅಂತಲೇ ತಿಳಿಯಿರಿ. ಮಕ್ಕಳು ತಿಂಗಳುಗಟ್ಟಲೆ ಕೂತು ಬಣ್ಣ ಬಳಿದ ರಾಕೆಟ್ ಅದಕ್ಕೆ ಬೇಡ, ಹೋದರೆ ಹೋಗಲಿ ಅನ್ನಬಹುದಾದ ಹಳೆಯ ರಾಕೆಟ್ ಸಾಕು. ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಸುರಕ್ಷತಾ ನಿಯಮದಂತೆ ಡಿ ದರ್ಜೆಯವರೆಗೆ ಕನಿಷ್ಠ 15 ಅಡಿ, ಅದಕ್ಕಿಂತ ದೊಡ್ಡದಕ್ಕೆ 30 ಅಡಿ ದೂರ ನಿಲ್ಲಬೇಕು. ಹಳೆಯ ಎಂಜಿನ್ ಅಂದರೆ ನಾನು ಎಲ್ಲರನ್ನೂ ಇದರ ಎರಡು ಪಟ್ಟು ದೂರಕ್ಕೆ ಕಳಿಸುತ್ತೇನೆ. ಲಾಂಚರ್ ವೈರ್ ಗಿಡ್ಡವಿದ್ದರೆ ಉದ್ದದ್ದು ಹಾಕಿಸಿ. ಬಟನ್ ಒತ್ತಿದಾಗ ಹತ್ತದಿದ್ದರೆ ಮೊದಲು ಸುರಕ್ಷತಾ ಕೀಲಿ ತೆಗೆಯಿರಿ ಇಲ್ಲವೇ ಬ್ಯಾಟರಿ ಬಿಚ್ಚಿ, 60 ಸೆಕೆಂಡ್ ಕಾದು ಆಮೇಲೆ ಹತ್ತಿರ ಹೋಗಿ. ಆ ಒಂದು ನಿಮಿಷ ಮಕ್ಕಳಿಗೆ ತುಂಬಾ ಉದ್ದ ಅನ್ನಿಸುತ್ತದೆ. ಜೋರಾಗಿ ಎಣಿಸಲು ಹೇಳಿ.

ನೆಲದಲ್ಲಿ ಒಣ ಹುಲ್ಲಿದ್ದರೆ ಆ ಜಾಗ ಬಿಡಿ. ಸಿಡಿದ ಎಂಜಿನ್ ಉರಿಯುವ ಮದ್ದಿನ ತುಂಡುಗಳನ್ನು ಸುತ್ತ ಚೆಲ್ಲುತ್ತದೆ. ಕ್ಯಾಲಿಫೋರ್ನಿಯಾ, ಕೊಲರಾಡೋ ಕಡೆ ಬೇಸಿಗೆಯಲ್ಲಿ ಬೆಂಕಿ ನಿಷೇಧ ಜಾರಿಯಲ್ಲಿದೆಯಾ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ. ಒಂದು ಬಕೆಟ್ ನೀರು, ಸಾಧ್ಯವಾದರೆ ಅಗ್ನಿಶಾಮಕ ಸಿಲಿಂಡರ್ ಕೂಡ ಪಕ್ಕದಲ್ಲಿರಲಿ. ರಾಕೆಟ್ ಏರುವಾಗ ಎಲ್ಲರ ಕಣ್ಣೂ ಮೇಲಿರಬೇಕು, ಫೋನಿನ ಮೇಲಲ್ಲ. ಹಳೆಯ ಎಂಜಿನ್‌ನಲ್ಲಿ ಡಿಲೇ ಹೇಳಿದ್ದಕ್ಕಿಂತ ತಡವಾಗಬಹುದು, ಪ್ಯಾರಾಚೂಟ್ ಬಿಚ್ಚದೇ ಇರಬಹುದು. ಆಗ ಯಾವ ಕಡೆ ಸರಿಯಬೇಕು ಅಂತ ಗೊತ್ತಾಗುವುದು ರಾಕೆಟ್ ಮೇಲೆ ಕಣ್ಣಿಟ್ಟವರಿಗೆ ಮಾತ್ರ. ಎರಡು ಮೂರು ಎಂಜಿನ್ ಒಟ್ಟಿಗೆ ಹಚ್ಚುವ ಕ್ಲಸ್ಟರ್ ರಾಕೆಟ್‌ಗೆ, ಎರಡು ಹಂತದ ರಾಕೆಟ್‌ಗೆ ಹಳೆಯ ಎಂಜಿನ್ ಬೇಡವೇ ಬೇಡ. ಒಂದು ಕೈಕೊಟ್ಟರೂ ರಾಕೆಟ್ ವಾಲಿ ಜನರ ಕಡೆಗೇ ನುಗ್ಗಬಹುದು. ಶಾಲೆಯ ಪ್ರದರ್ಶನಕ್ಕೂ ಹೊಸದನ್ನೇ ಕೊಂಡು ಒಯ್ಯಿರಿ. ಬೇರೆಯವರ ಮಕ್ಕಳ ಮುಂದೆ ಪರೀಕ್ಷೆ ನಡೆಸುವ ಹಕ್ಕು ನಮಗಿಲ್ಲ, ಅಲ್ವಾ?

ಮೊದಲನೆಯದು ಸರಿಯಾಗಿ ಹಾರಿದರೆ ಅದೇ ಪ್ಯಾಕಿನ ಉಳಿದವುಗಳ ಮೇಲೆ ಭರವಸೆ ಸ್ವಲ್ಪ ಹೆಚ್ಚುತ್ತದೆ. ಅವೂ ಒಂದೇ ಕಡೆ ಕಾಲ ಕಳೆದಿರುತ್ತವೆ. ಸಿಡಿದರೆ ಉಳಿದವುಗಳನ್ನು ಇನ್ನೊಮ್ಮೆ ನೋಡೋಣ ಅಂತ ಇಟ್ಟುಕೊಳ್ಳಬೇಡಿ. ಸಿಡಿದ ಎಂಜಿನ್‌ನ ಫೋಟೋ ತೆಗೆದು, ಕೊಳವೆಯ ಮೇಲಿನ ತಯಾರಿಕೆಯ ದಿನಾಂಕದ ಸಂಕೇತ ಬರೆದಿಟ್ಟುಕೊಳ್ಳಿ. ಕೆಟ್ಟ ಎಂಜಿನ್‌ಗಳ ಲೆಕ್ಕ ಇಡಲೆಂದೇ ಅಮೆರಿಕದ ಹವ್ಯಾಸಿಗಳು 'ಮೆಸ್' ಎಂಬ ಸಮೀಕ್ಷೆ ನಡೆಸುತ್ತಾರೆ. ಅದಕ್ಕೆ ವರದಿ ಕಳಿಸಿದರೆ ಇನ್ನೊಂದು ಮನೆಗೆ ಉಪಕಾರವಾಗುತ್ತದೆ. ರಾಕೆಟ್ ಹವ್ಯಾಸಿಗಳ ಕ್ಲಬ್ಬಿನ ಮೈದಾನದಲ್ಲಿ ಹಾರಿಸುವುದಾದರೆ ಮತ್ತೊಂದು ಮಾತು. ಅಲ್ಲಿ ಪ್ರಮಾಣೀಕರಣ ಇರುವ ಎಂಜಿನ್‌ಗಳಿಗೆ ಮಾತ್ರ ಅವಕಾಶ. ತಯಾರಿಕೆ ನಿಂತುಹೋದ ಎಂಜಿನ್‌ಗಳ ಪ್ರಮಾಣೀಕರಣ ಕಾಲಾನಂತರ ಮುಗಿದಿರುತ್ತದೆ. ಮೊದಲೇ ಪಟ್ಟಿ ನೋಡಿ, ಇಲ್ಲವೇ ಕ್ಲಬ್ಬಿನ ಹಿರಿಯರನ್ನು ಕೇಳಿ. ಅವರು ಖುಷಿಯಿಂದ ಹೇಳಿಕೊಡುತ್ತಾರೆ.

ಇಲ್ಲಿಯವರೆಗೆ ಹೇಳಿದ್ದು ಕಪ್ಪು ಮದ್ದಿನ ಮಾತು. ಪೆಟ್ಟಿಗೆಯಲ್ಲಿ ಕಾಂಪೋಸಿಟ್ ಎಂಜಿನ್ ಇದ್ದರೆ ಕಥೆ ಬೇರೆ. ಅದರಲ್ಲಿ ಅಮೋನಿಯಂ ಪರ್‌ಕ್ಲೋರೇಟನ್ನು ರಬ್ಬರಿನಂಥ ಅಂಟಿನಲ್ಲಿ ಕಲಸಿ ಎರಕ ಹೊಯ್ದಿರುತ್ತಾರೆ. ರಬ್ಬರ್ ಬಾಗುತ್ತದೆ, ಹಾಗಾಗಿ ಬಿಸಿ ಚಳಿಗೆ ಸುಲಭವಾಗಿ ಬಿರಿಯುವುದಿಲ್ಲ. ಆದರೆ ಚೀಲ ತೆರೆದು ವರ್ಷಗಳಾದರೆ ಮೇಲ್ಮೈ ಕೆಟ್ಟು ಸರಿಯಾಗಿ ಹತ್ತುವುದಿಲ್ಲ, ಸಂದು ಮುಚ್ಚುವ ರಬ್ಬರ್ ಬಳೆಗಳು (ಓ-ರಿಂಗ್) ಗಡುಸಾಗಿರುತ್ತವೆ. ಇವುಗಳ ಶಕ್ತಿಯೂ ಸಾಮಾನ್ಯವಾಗಿ ಜಾಸ್ತಿ. ಅನುಭವ ಇಲ್ಲದವರು ಇದನ್ನು ನೇರ ಕ್ಲಬ್ಬಿಗೆ ಕೊಡುವುದು ಒಳ್ಳೆಯದು.

ಬೇಡ ಅಂತ ತೀರ್ಮಾನಿಸಿದ ಕಪ್ಪು ಮದ್ದಿನ ಎಂಜಿನ್ ಕಸದ ಬುಟ್ಟಿಗೆ ಹಾಗೆಯೇ ಹೋಗಬಾರದು. ಸುಮ್ನೆ ಬೆಂಕಿಗೆ ಹಾಕುವುದಂತೂ ಕೂಡದು. ಅಂಗಳದಲ್ಲಿ ಒಂದು ಬಕೆಟ್ ನೀರಿಡಿ, ಎಂಜಿನ್‌ಗಳನ್ನು ಪೂರ್ತಿ ಮುಳುಗಿಸಿ. ಕಾಗದದ ಸುರುಳಿ ಬಿಚ್ಚಿಕೊಂಡು ಮದ್ದು ಕಪ್ಪು ಕೆಸರಾಗುವವರೆಗೆ ಬಿಡಿ. ಒಂದೆರಡು ದಿನ ಹಿಡಿದರೂ ಹಿಡಿಯಲಿ, ಅವಸರ ಬೇಡ. ಮಕ್ಕಳು, ನಾಯಿ ಬಕೆಟ್ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಆಮೇಲೆ ಹಸಿಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಒಣಗಲು ಬಿಟ್ಟರೆ ಮದ್ದು ಮತ್ತೆ ಉರಿಯುವ ಸ್ಥಿತಿಗೆ ಬರುತ್ತದೆ. ತುಂಬಾ ಇದ್ದರೆ ಊರಿನ ಅಗ್ನಿಶಾಮಕ ಕಚೇರಿಗೆ ಫೋನ್ ಮಾಡಿ ಕೇಳಿ.

ಉಳಿಸಿಕೊಂಡದ್ದನ್ನು, ಇನ್ನು ಮುಂದೆ ಕೊಳ್ಳುವುದನ್ನು ಮನೆಯೊಳಗೆ, ಬಿಸಿ ಚಳಿ ಒಂದೇ ಸಮನಾಗಿರುವ ಕಡೆ, ಗಾಳಿಯಾಡದ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಅಡುಗೆ ಒಲೆ, ಹೀಟರ್, ನೀರು ಕಾಯಿಸುವ ಬಾಯ್ಲರ್ ಹತ್ತಿರ ಬೇಡ. ಡಬ್ಬಿಯ ಮೇಲೆ ಕೊಂಡ ತಿಂಗಳು, ವರ್ಷ ಬರೆಯಿರಿ.

ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಮೈಸೂರಿನ ಅಣ್ಣನ ಮಕ್ಕಳಿಗೆ ಅಂತ ಎರಡು ಎಂಜಿನ್ ಸೂಟ್‌ಕೇಸಿಗೆ ಹಾಕಿಕೊಳ್ಳುವ ಆಸೆ ಹುಟ್ಟಬಹುದು. ಹಳೆಯದಿರಲಿ, ಹೊಸದಿರಲಿ, ವಿಮಾನದಲ್ಲಿ ರಾಕೆಟ್ ಎಂಜಿನ್ ನಿಷಿದ್ಧ. ಕೈಚೀಲದಲ್ಲೂ ಇಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಇಲ್ಲ. ಭಾರತದಲ್ಲಿ 1884ರ ಸ್ಫೋಟಕ ಕಾಯ್ದೆ, 2008ರ ನಿಯಮಗಳ ಪ್ರಕಾರ ಸ್ಫೋಟಕ ತರಿಸಿಕೊಳ್ಳಲು ಪರವಾನಗಿ ಬೇಕು. ಒಮ್ಮೆ ಹಾರಿಸಿದ ರಾಕೆಟ್‌ನ ಕೊಳವೆಯಲ್ಲೂ ಮದ್ದಿನ ಮಸಿ ಇರುತ್ತದೆ, ತಪಾಸಣೆಯ ಯಂತ್ರ ಅದನ್ನು ಹಿಡಿಯಬಹುದು. ಒಯ್ಯುವುದಾದರೆ ಒಮ್ಮೆಯೂ ಹಾರಿಸದ ಹೊಸ ಕಿಟ್ ಒಯ್ಯಿರಿ. ಅದರಲ್ಲಿ ಎಂಜಿನ್, ಇಗ್ನೈಟರ್ ಯಾವುದೂ ಇರಬಾರದು. ಊರಿನ ಮೈದಾನದಲ್ಲಿ ಹಾರಿಸುವುದಕ್ಕೆ ಪ್ಲಾಸ್ಟಿಕ್ ಬಾಟಲಿ, ಸೈಕಲ್ ಪಂಪ್, ಅರ್ಧ ಲೀಟರ್ ನೀರಿನ ರಾಕೆಟ್ ಸಾಕು. ಆದರೆ ಒತ್ತಡ ಅದರಲ್ಲೂ ಇದೆ. ಗಾಳಿ ತುಂಬುವಾಗ ಬಾಟಲಿ ಮೇಲೆ ಯಾರೂ ಬಗ್ಗಿ ನೋಡದಿರಲಿ.